ದೇಶ ಸುತ್ತಿದ ಮೇಷ್ಟರು ಊರಿಗೆ ಮರಳಿದಾಗ

(ಇಂಗ್ಲಿಷ್ ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಒಳ್ಳೆಯ ಮಾತು. ಆದರೆ ದೇಶ ಸುತ್ತಿ ಬಂದವನು ಆಮೇಲೆ ಏನು ಮಾಡಬೇಕು ಎಂಬುದನ್ನು ಈ ಗಾದೆ ಹೇಳುವುದಿಲ್ಲ. ಹೋಗುವವನಿಗೆ ಹಾರ ಹಾಕಿ ಕಳಿಸುತ್ತೇವೆ. ಬಂದವನನ್ನು ಎರಡು ದಿನ ವಿಚಾರಿಸಿ ಸುಮ್ಮನಾಗುತ್ತೇವೆ. ಮೂರನೆಯ ದಿನದಿಂದ ಅವನ ಪಾಡೇನು? ಇಂದಿನ ನನ್ನ ಮಾತು ಆ ಮೂರನೆಯ ದಿನವನ್ನು ಕುರಿತದ್ದು.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮಲೆನಾಡಿನವರು. ಕೆಲಸ ಬಿಟ್ಟು ಮಾಲ್ಡೀವ್ಸ್‌ಗೆ ಇಂಗ್ಲಿಷ್ ಕಲಿಸಲು ಹೋಗಿದ್ದರು. ಸುಮಾರು 1200 ಹವಳದ ದ್ವೀಪಗಳ ಆ ದೇಶದಲ್ಲಿ ಜನವಸತಿ ಇರುವುದು 200ರಷ್ಟು ದ್ವೀಪಗಳಲ್ಲಿ ಮಾತ್ರ. ಅಲ್ಲಿನ ಶಾಲೆಗಳಲ್ಲಿ ಭಾರತದ ಮೇಷ್ಟರುಗಳು ಬಹಳ ಕಾಲದಿಂದ ಪಾಠ ಹೇಳುತ್ತಿದ್ದಾರೆ. ಅವರಲ್ಲಿ ಕೇರಳ, ತಮಿಳುನಾಡಿನವರೇ ಹೆಚ್ಚು. ಇವರಿಗೆ ಸಿಕ್ಕಿದ್ದು ಈ ತುದಿಯಿಂದ ಆ ತುದಿಗೆ ಕಾಲು ಗಂಟೆಯಲ್ಲಿ ನಡೆದು ಮುಗಿಸಬಹುದಾದ ದ್ವೀಪ. ಮೊದಲ ವಾರವೇ ಪಾಠದಲ್ಲಿ ‘ರಿವರ್’, ‘ಹಿಲ್’ ಎಂಬ ಎರಡು ಪದಗಳು ಬಂದವಂತೆ. ಮಕ್ಕಳು ನದಿಯನ್ನಾಗಲಿ ಗುಡ್ಡವನ್ನಾಗಲಿ ಕಂಡವರಲ್ಲ. ಆ ದೇಶದಲ್ಲಿ ನದಿಯೇ ಇಲ್ಲ. ನೆಲ ಸಮುದ್ರಮಟ್ಟದಿಂದ ಆಳುದ್ದವೂ ಏಳುವುದು ಅಪರೂಪ. ಶರಾವತಿಯ ದಂಡೆಯಲ್ಲಿ ಬೆಳೆದ ಈ ಮೇಷ್ಟರು ಮಕ್ಕಳನ್ನು ದಡಕ್ಕೆ ಕರೆದೊಯ್ದು, ಮರಳಿನಲ್ಲಿ ಗುಡ್ಡ ಕಟ್ಟಿ, ಕೊಡದಿಂದ ನೀರು ಸುರಿದು ನದಿ ಹರಿಸಿ ತೋರಿಸಿದರು. ಆಮೇಲೆ ಆ ಮಕ್ಕಳು ಅವರಿಗೆ ಪಾಠ ಹೇಳಿಕೊಟ್ಟರು. ಹವಳದ ದ್ವೀಪಗಳ ಬಳೆಗೆ ಇಂಗ್ಲಿಷಿನಲ್ಲಿ ‘ಅಟಾಲ್’ ಎನ್ನುತ್ತೇವಲ್ಲ, ಆ ಪದ ಇಂಗ್ಲಿಷಿಗೆ ಹೋದದ್ದು ಅವರ ದಿವೇಹಿ ಭಾಷೆಯಿಂದ. ಇಂಗ್ಲಿಷ್ ಕಲಿಸಲು ಹೋದವರಿಗೆ, ಇಂಗ್ಲಿಷಿಗೇ ಒಂದು ಪದ ದಾನ ಮಾಡಿದ ಜನ ಎದುರಾದರು!

ಕೆಲವು ವರ್ಷಗಳ ನಂತರ ಅವರು ಊರಿಗೆ ಮರಳಿದರು. ಸ್ಟಾಫ್ ರೂಮಿನಲ್ಲಿ ಎದುರಾದ ಮೊದಲ ಪ್ರಶ್ನೆ: “ಏನ್ ಮೇಷ್ಟ್ರೇ, ಎಷ್ಟು ಉಳಿಸಿದ್ರಿ?” ಎರಡನೆಯದು: “ಸೈಟು ತಗೊಂಡ್ರಾ?” ಮೂರನೆಯ ಪ್ರಶ್ನೆ ಇರಲಿಲ್ಲ. ಮರಳಿನ ಗುಡ್ಡದ ಕಥೆಯನ್ನು ಅವರು ಒಮ್ಮೆ ಎತ್ತಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. “ರಾತ್ರಿ ಅಲೆಯ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲ ಅಂತ ಯಾರ ಹತ್ತಿರ ಹೇಳಲಿ? ನಗುತ್ತಾರೆ” ಎಂದು ನನ್ನ ಬಳಿ ಹೇಳಿಕೊಂಡರು. ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮಗಳ ಶಾಲೆಯ ಫೀಜು ಎಂದು ದಿನಚರಿ ಅವರನ್ನು ಮತ್ತೆ ನುಂಗಿಕೊಂಡಿತು. ದ್ವೀಪದಲ್ಲಿ ಎಲ್ಲರಿಗೂ ಬೇಕಾಗಿದ್ದ ‘ಸರ್’ ಇಲ್ಲಿ ಹಾಜರಿ ಪುಸ್ತಕದ ಒಂದು ಹೆಸರಾದರು.

ಇದು ಒಬ್ಬರ ಕಥೆಯಲ್ಲ, ಹೊಸದೂ ಅಲ್ಲ. ದ್ವೀಪಕ್ಕೆ ಹೋಗಿ ಇಂಗ್ಲಿಷ್ ಕಲಿಸಿ ಮರಳಿದವರ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡಿದ ಒಬ್ಬ ವ್ಯಕ್ತಿ ಇದ್ದಾನೆ. ಅವನ ಹೆಸರು ರನಾಲ್ಡ್ ಮ್ಯಾಕ್‌ಡೊನಾಲ್ಡ್. ಇಂಗ್ಲಿಷನ್ನೇ ತಾಯ್ನುಡಿಯಂತೆ ಆಡುತ್ತಿದ್ದು, ಜಪಾನಿನಲ್ಲಿ ಅದನ್ನು ಕಲಿಸಿದ ಮೊದಲಿಗನೆಂದು ಅವನನ್ನು ನೆನೆಯುತ್ತಾರೆ.

ಅವನು ಹುಟ್ಟಿದ್ದು 1824ರಲ್ಲಿ, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೊಲಂಬಿಯಾ ನದಿ ಸಮುದ್ರ ಸೇರುವ ಆಸ್ಟೋರಿಯಾ ಎಂಬಲ್ಲಿ. ತಂದೆ ಸ್ಕಾಟ್ಲೆಂಡಿನವನು, ತುಪ್ಪಳು ಚರ್ಮದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಅಧಿಕಾರಿ. ತಾಯಿ ಅಲ್ಲಿನ ಮೂಲನಿವಾಸಿ ಚಿನೂಕ್ ಜನರ ನಾಯಕ ಕಾಮ್‌ಕಾಮ್ಲಿಯ ಮಗಳು. ಮಗು ಹುಟ್ಟಿದ ಸ್ವಲ್ಪ ಕಾಲದಲ್ಲೇ ಆಕೆ ತೀರಿಕೊಂಡಳು. ತಂದೆ ಮಗನಿಗೆ ಒಳ್ಳೆಯ ವಿದ್ಯೆ ಕೊಡಿಸಿ, ಕೆನಡಾದಲ್ಲಿ ತನ್ನ ಸ್ನೇಹಿತನ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿಸಿದ. ಹುಡುಗನಿಗೆ ಲೆಕ್ಕದ ಪುಸ್ತಕ ಹಿಡಿಸಲಿಲ್ಲ. ಕೆಲಸ ಬಿಟ್ಟು ಹಡಗು ಹತ್ತಿದ.

ಅವನ ಮನಸ್ಸಿನಲ್ಲಿ ಇದ್ದದ್ದು ಜಪಾನ್. ತನ್ನ ತಾಯಿಯ ಜನ ಹಿಂದೆಂದೋ ಏಷ್ಯಾದ ಕಡೆಯಿಂದ ಬಂದವರಿರಬೇಕು, ಜಪಾನೀಯರು ತನಗೆ ದೂರದ ನೆಂಟರಿರಬೇಕು ಎಂದು ಅವನು ನಂಬಿದ್ದ. ಆದರೆ ಅಂದಿನ ಜಪಾನ್ ಬಾಗಿಲು ಹಾಕಿ ಕುಳಿತ ದೇಶ. ಹದಿನೇಳನೆಯ ಶತಮಾನದ ಮೊದಲರ್ಧದಿಂದಲೂ ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ ಅಲ್ಲಿ ವ್ಯಾಪಾರದ ಅಪ್ಪಣೆ. ಅವರೂ ನಾಗಸಾಕಿಯ ಬಂದರಿನಲ್ಲಿ ಮಣ್ಣು ತುಂಬಿ ಮಾಡಿದ ದೆಜಿಮಾ ಎಂಬ ಪುಟ್ಟ ದ್ವೀಪ ಬಿಟ್ಟು ಹೊರಬರುವಂತಿರಲಿಲ್ಲ. ಹೀಗಾಗಿ ಜಪಾನಿನ ಸರ್ಕಾರಿ ದುಭಾಷಿಗಳಿಗೆ ಬರುತ್ತಿದ್ದ ಯುರೋಪಿನ ಭಾಷೆ ಡಚ್. 1808ರಲ್ಲಿ ಬ್ರಿಟನ್ನಿನ ಯುದ್ಧನೌಕೆಯೊಂದು ನಾಗಸಾಕಿಗೆ ನುಗ್ಗಿ ಗದ್ದಲವೆಬ್ಬಿಸಿದ ಮೇಲೆ, ಇಂಗ್ಲಿಷನ್ನೂ ಕಲಿಯಿರಿ ಎಂದು ಆಡಳಿತ ಅವರಿಗೆ ಆಜ್ಞೆ ಮಾಡಿತು. ಕಲಿಸಿದವರು ಡಚ್ಚರೇ. 1814ರ ಹೊತ್ತಿಗೆ ಒಂದು ನಿಘಂಟೂ ಸಿದ್ಧವಾಯಿತು. ಆದರೆ ಡಚ್ಚರ ಬಾಯಿಂದ ಬಂದ ಇಂಗ್ಲಿಷ್ ಉಚ್ಚಾರ ಹೇಗಿದ್ದಿರಬಹುದು, ನೀವೇ ಊಹಿಸಿ.

1848ರ ಬೇಸಿಗೆ. ಮ್ಯಾಕ್‌ಡೊನಾಲ್ಡ್ ಕೆಲಸ ಮಾಡುತ್ತಿದ್ದ ‘ಪ್ಲಿಮತ್’ ಎಂಬ ತಿಮಿಂಗಿಲ ಬೇಟೆಯ ಹಡಗು ಜಪಾನಿನ ಉತ್ತರದ ಕಡಲಿನಲ್ಲಿತ್ತು. ಅವನು ಕ್ಯಾಪ್ಟನನ್ನು ಒಪ್ಪಿಸಿ, ಒಂದು ಸಣ್ಣ ದೋಣಿ ಪಡೆದು, ಒಬ್ಬನೇ ಇಳಿದುಬಿಟ್ಟ. ಬೇಕೆಂದೇ ಬಂದವನಾದರೆ ಶಿಕ್ಷೆ ಖಂಡಿತ. ಹಡಗು ಒಡೆದು ಬಂದವನಾದರೆ ಕನಿಕರ ಸಿಗಬಹುದು. ಆದ್ದರಿಂದ ರಿಶಿರಿ ದ್ವೀಪದ ಹತ್ತಿರ ತಾನೇ ದೋಣಿ ಮಗುಚಿ ನಾಟಕವಾಡಿದ. ದಡದಲ್ಲಿದ್ದ ಐನು ಜನ ಅವನನ್ನು ಕರೆದೊಯ್ದು ಉಪಚರಿಸಿದರು. ನಂತರ ಅಧಿಕಾರಿಗಳ ವಶಕ್ಕೆ ಹೋಗಿ, ಕಾವಲಿನಲ್ಲಿ ಊರಿಂದೂರಿಗೆ ಸಾಗಿ, ಅಕ್ಟೋಬರಿನಲ್ಲಿ ದಕ್ಷಿಣದ ಕ್ಯೂಶು ದ್ವೀಪದ ನಾಗಸಾಕಿ ತಲುಪಿದ. ಒಂದು ದೇವಾಲಯಕ್ಕೆ ಸೇರಿದ ಮನೆಯಲ್ಲಿ ಅವನನ್ನು ಬಂಧನದಲ್ಲಿಟ್ಟರು.

ಆ ಸೆರೆಮನೆಯೇ ಶಾಲೆಯಾಯಿತು. ಹದಿನಾಲ್ಕು ಮಂದಿ ದುಭಾಷಿಗಳು ಅವನ ಶಿಷ್ಯರಾಗಿ ಬಂದರು. ಮೇಷ್ಟರು ಕಟಕಟೆಯ ಒಳಗೆ, ವಿದ್ಯಾರ್ಥಿಗಳು ಹೊರಗೆ. ಅವರು ಒಬ್ಬೊಬ್ಬರಾಗಿ ಇಂಗ್ಲಿಷ್ ಓದುವುದು, ಇವನು ಉಚ್ಚಾರ ತಿದ್ದುವುದು, ಅರ್ಥ ತಿಳಿಯದಿದ್ದರೆ ಡಚ್ ಭಾಷೆಯ ನೆರವು ಪಡೆಯುವುದು; ಹೀಗೆ ಪಾಠ ನಡೆಯಿತು. ವ್ಯಾಕರಣವನ್ನು ಅವರು ಬೇಗ ಹಿಡಿಯುತ್ತಿದ್ದರು, ಆದರೆ ಇಂಗ್ಲಿಷಿನ ಲಕಾರ ಅವರ ನಾಲಿಗೆಗೆ ಒಗ್ಗುತ್ತಿರಲಿಲ್ಲ, ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಒಂದು ಸ್ವರ ಅಂಟಿಸಿಬಿಡುತ್ತಿದ್ದರು ಎಂದು ಅವನು ಬರೆದುಕೊಂಡಿದ್ದಾನೆ. ನಗಬೇಡಿ. ‘ಬಸ್ಸು’, ‘ಕಾರು’, ‘ಲೈಟು’ ಎನ್ನುವ ನಾವು ಮಾಡುವುದೂ ಅದನ್ನೇ. ಇತ್ತ ಅವನೂ ಶಿಷ್ಯರಿಂದ ಜಪಾನಿ ಪದಗಳನ್ನು ಕೇಳಿ ಕೇಳಿ ಪಟ್ಟಿ ಮಾಡುತ್ತಿದ್ದ. ಕಲಿಸುವವನು ಯಾರು, ಕಲಿಯುವವನು ಯಾರು ಎಂಬ ಗೆರೆ ಅಳಿಸಿಹೋಗಿತ್ತು. ಆ ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಚುರುಕು ಮೊರಿಯಾಮಾ ಐನೊಸುಕೆ ಎಂಬ ಯುವಕ. ಈ ಹೆಸರನ್ನು ನೆನಪಿಡಿ.

ಪಾಠ ನಡೆದದ್ದು ಆರೇಳು ತಿಂಗಳು ಅಷ್ಟೆ. 1849ರ ಏಪ್ರಿಲ್‌ನಲ್ಲಿ ‘ಪ್ರೆಬಲ್’ ಎಂಬ ಅಮೆರಿಕದ ಯುದ್ಧನೌಕೆ ನಾಗಸಾಕಿಗೆ ಬಂತು. ‘ಲಗೋಡಾ’ ಎಂಬ ಇನ್ನೊಂದು ತಿಮಿಂಗಿಲ ಹಡಗಿನಿಂದ ಓಡಿಹೋಗಿ ಜಪಾನಿನಲ್ಲಿ ಸೆರೆಸಿಕ್ಕಿದ್ದ ನಾವಿಕರನ್ನು ಬಿಡಿಸಿಕೊಂಡು ಹೋಗುವುದು ಅದರ ಉದ್ದೇಶ. ಅವರ ಜೊತೆಗೆ ಮ್ಯಾಕ್‌ಡೊನಾಲ್ಡನನ್ನೂ ಹಡಗು ಹತ್ತಿಸಿದರು. ಹೀಗೆ ಅವನ ಮರುಪ್ರಯಾಣ ಆರಂಭವಾಯಿತು.

ಇಲ್ಲಿಂದ ಮುಂದೆ ಕಥೆ ಎರಡಾಗಿ ಕವಲೊಡೆಯುತ್ತದೆ. ಒಂದೇ ಹಡಗಿನಲ್ಲಿ ಜಪಾನನ್ನು ಕುರಿತ ಎರಡು ಕಥೆಗಳು ಹೊರಟವು. ಲಗೋಡಾದ ನಾವಿಕರದು ಕ್ರೌರ್ಯದ ಕಥೆ. ಅವರು ಸೆರೆಯಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಕಷ್ಟಪಟ್ಟಿದ್ದರು. ಇಬ್ಬರು ಅಲ್ಲೇ ಸತ್ತಿದ್ದರು. ಮ್ಯಾಕ್‌ಡೊನಾಲ್ಡ್ ಹೇಳಿದ್ದು ದಯೆಯ ಕಥೆ. ತನ್ನನ್ನು ಅವರು ಸೌಜನ್ಯದಿಂದ ನಡೆಸಿಕೊಂಡರು, ಆ ಜನ ಬುದ್ಧಿವಂತರು, ಸುಸಂಸ್ಕೃತರು ಎಂದು ಅವನು ಹಡಗಿನ ಅಧಿಕಾರಿಯ ಮುಂದೆ ಹೇಳಿಕೆ ಕೊಟ್ಟ. ಆ ಹೇಳಿಕೆ ಅಮೆರಿಕದ ಸರ್ಕಾರಿ ಕಡತಗಳಲ್ಲಿ ಅಚ್ಚಾಯಿತು. ಆದರೆ ಅಮೆರಿಕದಲ್ಲಿ ಸದ್ದು ಮಾಡಿದ್ದು ಮೊದಲನೆಯ ಕಥೆ. ಜಪಾನಿಗೆ ಬುದ್ಧಿ ಕಲಿಸಬೇಕು, ಬಾಗಿಲು ತೆರೆಸಬೇಕು ಎನ್ನುವವರಿಗೆ ಅದು ಕೈಗೆ ಸಿಕ್ಕ ಅಸ್ತ್ರವಾಯಿತು. ದೂರದೇಶದಿಂದ ಬಂದವನ ಬಾಯಲ್ಲಿ ನಾವು ಏನು ಕೇಳಲು ಬಯಸುತ್ತೇವೋ ಅದನ್ನಷ್ಟೇ ಕೇಳುತ್ತೇವೆ. “ಎಷ್ಟು ಉಳಿಸಿದ್ರಿ?” ಎಂದು ಕೇಳುವವನಿಗೆ ಮರಳಿನ ಗುಡ್ಡ ಬೇಕಿಲ್ಲ.

1853ರಲ್ಲಿ ಕಮೋಡೋರ್ ಪೆರಿ ಉಗಿಹಡಗುಗಳೊಡನೆ ಜಪಾನಿಗೆ ಬಂದ. ಮರುವರ್ಷ ಮತ್ತೆ ಬಂದು 1854ರ ಮಾರ್ಚಿನಲ್ಲಿ ಕನಗಾವಾ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡ. ಆ ಎರಡನೆಯ ಬಾರಿ ಜಪಾನಿನ ಕಡೆಯಿಂದ ಹೊಸ ದುಭಾಷಿಯೊಬ್ಬ ಮುಂದೆ ಬಂದ. ಅವನೇ ಮೊರಿಯಾಮಾ. ಕಟಕಟೆಯ ಹೊರಗೆ ಕುಳಿತು ಲಕಾರ ತಿದ್ದಿಸಿಕೊಂಡಿದ್ದ ಶಿಷ್ಯ ಈಗ ಎರಡು ದೇಶಗಳ ನಡುವೆ ನಿಂತು ಮಾತು ದಾಟಿಸುತ್ತಿದ್ದ. ಪೆರಿಯ ಜೊತೆ ದುಭಾಷಿಯಾಗಿ ಬಂದಿದ್ದ ವಿಲಿಯಮ್ಸ್ ಎಂಬ ವಿದ್ವಾಂಸ ತನ್ನ ದಿನಚರಿಯಲ್ಲಿ ಒಂದು ಸಣ್ಣ ಸಂಗತಿಯನ್ನು ಬರೆದಿಟ್ಟಿದ್ದಾನೆ. ಮೊರಿಯಾಮಾ ಅಮೆರಿಕನ್ನರನ್ನು ಭೇಟಿಯಾದಾಗ ಪ್ರೆಬಲ್ ಹಡಗಿನವರ ಕ್ಷೇಮ ವಿಚಾರಿಸಿದ. ಜೊತೆಗೆ, ಮ್ಯಾಕ್‌ಡೊನಾಲ್ಡ್ ಚೆನ್ನಾಗಿದ್ದಾನೆಯೇ, ನಿಮಗೆ ಅವನ ಪರಿಚಯ ಉಂಟೇ ಎಂದು ಕೇಳಿದ.

ಈ ಸಾಲನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಯುದ್ಧನೌಕೆಗಳು, ತೋಪುಗಳು, ಸಾಮ್ರಾಜ್ಯಗಳ ಲೆಕ್ಕಾಚಾರ. ಇವುಗಳ ನಡುವೆ ಒಬ್ಬ ಶಿಷ್ಯನಿಗೆ ತನ್ನ ಮೇಷ್ಟರ ನೆನಪಾಗಿದೆ. ಐದು ವರ್ಷದ ಹಿಂದೆ ಹಡಗು ಹತ್ತಿ ಹೋದವನು ಈಗ ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ತಿಳಿಯುವ ಆಸೆ ಅವನಿಗೆ. ಮ್ಯಾಕ್‌ಡೊನಾಲ್ಡನ ಪಾಠದ ಫಲ ದ್ವೀಪದಲ್ಲಿ ಉಳಿದಿತ್ತು. ಬೆಳೆದು ಕೆಲಸಕ್ಕೂ ಬಂದಿತ್ತು.

ಮೇಷ್ಟರು ಎಲ್ಲಿದ್ದರು? ಹಡಗುಗಳಲ್ಲಿ ದುಡಿದು, ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ಅಲೆದು, 1850ರ ದಶಕದಲ್ಲಿ ಕೆನಡಾಕ್ಕೆ ಮರಳಿದ. ಬ್ರಿಟಿಷ್ ಕೊಲಂಬಿಯಾದಲ್ಲಿ ಚಿನ್ನ ಸಿಕ್ಕಿತೆಂದು ಜನ ನುಗ್ಗಿದಾಗ ತಮ್ಮನೊಡನೆ ಸೇರಿ ಗಣಿಗಳಿಗೆ ಸಾಮಾನು ಸಾಗಿಸುವ ವ್ಯವಹಾರ ನಡೆಸಿದ. 1864ರಲ್ಲಿ ವ್ಯಾಂಕೂವರ್ ದ್ವೀಪದ ಒಳನಾಡನ್ನು ಶೋಧಿಸಲು ಹೊರಟ ತಂಡದಲ್ಲಿದ್ದ. ಹಣ ಕೈಯಲ್ಲಿ ನಿಲ್ಲಲಿಲ್ಲ. ಕೊನೆಗೆ ಅಮೆರಿಕದ ವಾಷಿಂಗ್ಟನ್ ಪ್ರದೇಶದ ಹಳೆಯ ಕೋಟೆಯೊಂದರ ಬಳಿ ಬಡತನದಲ್ಲಿ ನೆಲೆಸಿದ. ತನ್ನ ಜಪಾನಿನ ದಿನಗಳನ್ನು ಕುರಿತು, ಒಟ್ಟಾವಾದ ವಕೀಲ ಸ್ನೇಹಿತನ ನೆರವಿನಿಂದ ಒಂದು ಪುಸ್ತಕ ಸಿದ್ಧಪಡಿಸಿದ್ದ. ಅದಕ್ಕಾಗಿ ಪ್ರಕಾಶಕರನ್ನು ಹುಡುಕಿ ಹುಡುಕಿ ಇಬ್ಬರೂ ಸೋತರು. 1894ರಲ್ಲಿ ತಮ್ಮನ ಮಗಳ ಮನೆಗೆ ಹೋಗಿದ್ದಾಗ ಅವನು ತೀರಿಕೊಂಡ. ಆಕೆಯ ಮಡಿಲಲ್ಲಿ ಪ್ರಾಣ ಬಿಡುವಾಗ ಅವನಾಡಿದ ಕೊನೆಯ ಮಾತು ‘ಸಯೊನಾರಾ’ ಎಂದು ಹೇಳುತ್ತಾರೆ. ಜಪಾನಿನಿಂದ ಹೊರಟು 45 ವರ್ಷಗಳಾಗಿದ್ದವು. ಪುಸ್ತಕ ಅಚ್ಚಾದದ್ದು 1923ರಲ್ಲಿ, ಅಂದರೆ ಅವನು ಸತ್ತು 29 ವರ್ಷಗಳ ಮೇಲೆ. ಇಂದು ರಿಶಿರಿಯಲ್ಲಿ, ನಾಗಸಾಕಿಯಲ್ಲಿ, ಹುಟ್ಟೂರು ಆಸ್ಟೋರಿಯಾದಲ್ಲಿ ಅವನ ಸ್ಮಾರಕಗಳಿವೆ. ಬದುಕಿದ್ದಾಗ ಕೇಳದವರು ಕಲ್ಲಿನಲ್ಲಿ ಕೆತ್ತಿಸಿದರು.

ಹಾಗಾದರೆ ಮರಳದೆ ಅಲ್ಲೇ ಉಳಿದುಬಿಡುವುದು ಒಳ್ಳೆಯದೇ? ಆ ದಾರಿಯನ್ನು ಹಿಡಿದವನೂ ಇದ್ದಾನೆ. ಗ್ರೀಸಿನ ದ್ವೀಪವೊಂದರಲ್ಲಿ 1850ರಲ್ಲಿ ಹುಟ್ಟಿದ ಲಫ್ಕಾಡಿಯೊ ಹರ್ನ್ 1890ರಲ್ಲಿ ಜಪಾನಿಗೆ ಬಂದು ಮತ್ಸುಎ ಎಂಬ ಊರಿನಲ್ಲಿ ಇಂಗ್ಲಿಷ್ ಮೇಷ್ಟರಾದ. ಅಲ್ಲಿಯ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, 1896ರಲ್ಲಿ ಅಲ್ಲಿನ ಪ್ರಜೆಯೂ ಆಗಿ, ಕೊಯ್ಜುಮಿ ಯಾಕುಮೊ ಎಂದು ಹೆಸರು ಬದಲಿಸಿಕೊಂಡ. ಹೆಂಡತಿ ಹೇಳಿದ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಮುಟ್ಟಿಸಿದ. 1904ರಲ್ಲಿ ಟೋಕಿಯೊದಲ್ಲಿ ತೀರಿಕೊಂಡ. ಊರಿಗೆ ಮರಳುವ ಕಷ್ಟ ಅವನಿಗೆ ಬರಲಿಲ್ಲ.

ಟೋಕಿಯೊ ವಿಶ್ವವಿದ್ಯಾಲಯದಲ್ಲಿ 1903ರಲ್ಲಿ ಹರ್ನ್ ಬಿಟ್ಟ ಜಾಗಕ್ಕೆ ಬಂದವರಲ್ಲಿ ಒಬ್ಬ, ಮುಂದೆ ದೊಡ್ಡ ಕಾದಂಬರಿಕಾರನಾದ ನಾತ್ಸುಮೆ ಸೋಸೆಕಿ. ಅವನು ಆಗಷ್ಟೇ ಬ್ರಿಟನ್ ಎಂಬ ಇನ್ನೊಂದು ದ್ವೀಪದಲ್ಲಿ ಎರಡು ವರ್ಷ ಒಂಟಿಯಾಗಿ ಓದಿ, ನೊಂದು ಊರಿಗೆ ಮರಳಿದ್ದ. ತರಗತಿಯಲ್ಲಿ ವಿದ್ಯಾರ್ಥಿಗಳು ಹರ್ನ್‌ನನ್ನೇ ನೆನೆಯುತ್ತಿದ್ದರು. ಪರದೇಶದಿಂದ ಬಂದವನು ಇಲ್ಲಿಯವನಾಗಿ ಹೋದ. ಇಲ್ಲಿಯವನು ಮರಳಿ ಬಂದಾಗ ಪರಕೀಯನಾದ! ಆ ಸಂಕಟದ ವರ್ಷಗಳಲ್ಲೇ ಸೋಸೆಕಿ ಬರೆಯಲು ಆರಂಭಿಸಿದ್ದು. ಹಿಂದೆ ಶಿಕೋಕು ದ್ವೀಪದಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಅನುಭವದಿಂದ 1906ರಲ್ಲಿ ಹೊರಬಂದ ‘ಬೊಚ್ಚಾನ್’ ಇಂದಿಗೂ ಜಪಾನಿನ ಮನೆಮಾತು. ಅವನಿಗೆ ಓದುಗರು ಸಿಕ್ಕರು. ಮ್ಯಾಕ್‌ಡೊನಾಲ್ಡನಿಗೆ ಸಿಕ್ಕಲಿಲ್ಲ.

ಮರಳಿದವರ ಈ ತೊಳಲಾಟವನ್ನು ವಿದ್ವಾಂಸರೂ ಗಮನಿಸಿದ್ದಾರೆ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳುತ್ತಿದ್ದ 1945ರಲ್ಲಿ ಆಲ್ಫ್ರೆಡ್ ಶುಟ್ಸ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ಕುರಿತು ಒಂದು ಪ್ರಬಂಧ ಬರೆದ. ಗ್ರೀಕ್ ಪುರಾಣದ ಒಡಿಸ್ಯೂಸ್ ಇಪ್ಪತ್ತು ವರ್ಷಗಳ ಮೇಲೆ ತನ್ನ ದ್ವೀಪಕ್ಕೆ ಮರಳಿದಾಗ ಅದು ತನ್ನದೇ ನೆಲವೆಂದು ಗುರುತಿಸಲಾರದೆ ಹೋದನಲ್ಲ, ಅಲ್ಲಿಂದಲೇ ಅವನು ಮಾತು ಶುರುಮಾಡುತ್ತಾನೆ. ಪರದೇಶಕ್ಕೆ ಹೋಗುವವನಿಗೆ ಎಲ್ಲವೂ ಹೊಸದಾಗಿರುತ್ತದೆಂಬ ಎಚ್ಚರವಿರುತ್ತದೆ. ಮರಳುವವನು ಎಲ್ಲವೂ ಹಳೆಯದಾಗಿಯೇ ಇರುತ್ತದೆಂದು ನಂಬಿ ಬರುತ್ತಾನೆ. ಬದಲಾಗಿರುವುದು ಊರೂ ಹೌದು, ಅವನೂ ಹೌದು. 1963ರಲ್ಲಿ ಗಲಹಾರ್ನ್ ದಂಪತಿ ಇದಕ್ಕೊಂದು ಚಿತ್ರವನ್ನೇ ಕೊಟ್ಟರು. ಪರದೇಶದಲ್ಲಿ ಮೊದಲು ಹಿಗ್ಗು, ಆಮೇಲೆ ಕುಗ್ಗು, ಮತ್ತೆ ಚೇತರಿಕೆ ಎಂಬುದನ್ನು ಇಂಗ್ಲಿಷಿನ ‘ಯು’ ಅಕ್ಷರದಂತೆ ಬರೆಯುವ ರೂಢಿ ಮೊದಲೇ ಇತ್ತು. ಊರಿಗೆ ಬಂದ ಮೇಲೆ ಅದೇ ಇಳಿಜಾರು ಮತ್ತೊಮ್ಮೆ ಬರುತ್ತದೆ, ಆದ್ದರಿಂದ ಅಕ್ಷರ ‘ಯು’ ಅಲ್ಲ, ‘ಡಬ್ಲ್ಯು’ ಎಂದರು ಇವರು.

ಜಪಾನ್ ಈ ಪಾಠವನ್ನು ಸ್ವಲ್ಪಮಟ್ಟಿಗೆ ಕಲಿತಂತಿದೆ. 1987ರಲ್ಲಿ ಅದು ‘ಜೆಟ್’ ಎಂಬ ಯೋಜನೆ ಆರಂಭಿಸಿ, ನಾಲ್ಕು ದೇಶಗಳ 848 ತರುಣ ತರುಣಿಯರನ್ನು ಕರೆಸಿಕೊಂಡಿತು. ಬಹುಪಾಲು ಮಂದಿ ಶಾಲೆಗಳಲ್ಲಿ ಇಂಗ್ಲಿಷಿನ ಸಹಾಯಕ ಅಧ್ಯಾಪಕರು. ಅಂದಿನಿಂದ ಬಂದುಹೋದವರ ಸಂಖ್ಯೆ 70 ಸಾವಿರ ದಾಟಿದೆ. ಕೆಲವರು ಮಹಾನಗರಗಳಿಗೆ, ಕೆಲವರು ಒಕಿ, ಗೊಟೊಗಳಂಥ ದೂರದ ದ್ವೀಪಗಳಿಗೆ. ಐದು ವರ್ಷಕ್ಕಿಂತ ಹೆಚ್ಚು ಯಾರೂ ಯೋಜನೆಯಲ್ಲಿ ಉಳಿಯುವಂತಿಲ್ಲ. ಮರಳುವುದು ಒಪ್ಪಂದದಲ್ಲೇ ಬರೆದಿಟ್ಟ ಸಂಗತಿ. ಹಾಗಾಗಿ ಹೊರಡುವವರನ್ನು ಒಂದೆಡೆ ಸೇರಿಸಿ ಮುಂದಿನ ಬದುಕಿನ ಬಗ್ಗೆ ಮಾತಾಡುವ ಸಮ್ಮೇಳನ ನಡೆಸುತ್ತಾರೆ. ಹೋದವರ ಸಂಘಗಳು ದೇಶದೇಶಗಳಲ್ಲಿವೆ. ಕನಿಷ್ಠ, ಅಲೆಯ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದರೆ ನಗದವರು ಅಲ್ಲಿ ಸಿಗುತ್ತಾರೆ.

ನಮ್ಮಲ್ಲಿ? ಕರ್ನಾಟಕದಿಂದ ಕಲಿಸಲು ಹೊರಗೆ ಹೋಗಿ ಬಂದ ಮೇಷ್ಟರುಗಳು, ಟೀಚರುಗಳು ಕಡಿಮೆಯೇನಲ್ಲ. ಅವರು ತಂದ ಸೂಟ್‌ಕೇಸನ್ನು ನಾವು ನೋಡಿದ್ದೇವೆ. ತಂದ ಪಾಠವನ್ನು ಕೇಳಿಲ್ಲ. ಪಠ್ಯಪುಸ್ತಕದ ನದಿಯನ್ನು ನದಿ ಕಾಣದ ಮಗುವಿಗೆ ಹೇಗೆ ಹೇಳಬೇಕು ಎಂದು ತಿಳಿದವನಿಗೆ, ಸಮುದ್ರ ಕಾಣದ ನಮ್ಮ ಬಯಲುಸೀಮೆಯ ಮಗುವಿಗೆ ‘ಲಗೂನ್’ ಎಂದರೇನೆಂದು ಹೇಳುವುದೂ ತಿಳಿದಿರುತ್ತದೆ. ಅದು ನಮ್ಮ ಶಾಲೆಗೆ ಬೇಕಾದ ವಿದ್ಯೆಯೇ. ಹಾಗೆಂದು ಮರಳಿದವರಿಗೆ ಹೊಣೆ ಇಲ್ಲವೆಂದಲ್ಲ. ಮಾತೆತ್ತಿದರೆ “ನಾವು ಅಲ್ಲಿದ್ದಾಗ...” ಎನ್ನುವವನಿಂದ ಜನ ದೂರ ಸರಿಯುವುದು ಸಹಜ. ಅಲ್ಲಿನ ಹಿರಿಮೆ ಹೇಳಿ ಇಲ್ಲಿಯವರನ್ನು ಹಳಿಯುವುದು ಬೇರೆ, ಅಲ್ಲಿ ಕಲಿತದ್ದನ್ನು ಇಲ್ಲಿ ಕೆಲಸಕ್ಕೆ ಹಚ್ಚುವುದು ಬೇರೆ.

ನನ್ನ ಸಹೋದ್ಯೋಗಿಯ ಕಥೆಗೆ ಒಂದು ಮುಕ್ತಾಯವಿದೆ. ಮರಳಿದ ಎರಡನೆಯ ವರ್ಷ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಭೂಪಟದಲ್ಲಿ ಚುಕ್ಕಿಗಳನ್ನು ಕಂಡು, “ಸರ್, ಅಷ್ಟು ಚಿಕ್ಕ ಊರಲ್ಲಿ ಕುಡಿಯೋ ನೀರು ಎಲ್ಲಿಂದ ಬರುತ್ತೆ?” ಎಂದು ಕೇಳಿದಳಂತೆ. ಮೇಷ್ಟರು ಮಳೆನೀರಿನ ತೊಟ್ಟಿಯಿಂದ ಶುರುಮಾಡಿದರು. ಬಲದಿಂದ ಎಡಕ್ಕೆ ಬರೆಯುವ ಅಲ್ಲಿಯ ತಾನಾ ಲಿಪಿಯನ್ನು ಬೋರ್ಡಿನ ಮೇಲೆ ಬರೆದರು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. “ಅವತ್ತು ನಾನು ಊರಿಗೆ ಬಂದೆ ನೋಡಿ” ಎಂದರು ಅವರು. ವಿಮಾನ ಇಳಿದು ಒಂದೂವರೆ ವರ್ಷವಾಗಿತ್ತು.

ಮಿತ್ರರೇ, ಮೊರಿಯಾಮಾ ಕೇಳಿದ್ದು ಒಂದೇ ಪ್ರಶ್ನೆ. ಅದು ಮೇಷ್ಟರ ಕಿವಿ ಮುಟ್ಟಿತೋ ಇಲ್ಲವೋ. ನಮ್ಮ ನಡುವೆ ಮರಳಿ ಬಂದವರು ಅಷ್ಟು ದೂರದಲ್ಲಿಲ್ಲ. ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಾರೆ. ಇಂದು ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ, ಎಷ್ಟು ಉಳಿಸಿದ್ರಿ ಎಂಬುದನ್ನು ಬಿಟ್ಟು ಬೇರೆ ಏನನ್ನಾದರೂ ಅವರನ್ನು ಕೇಳಿ.